ಯಾರೂ ಒಯ್ಯದ ತಿಪ್ಪೆ

ಬೆಳ್ಳಿ ಕಡಗವನ್ನು ಕಳಚಿ ಹಲ್ಲಿನಲ್ಲಿ ಕಚ್ಚಿಕೊಂಡು, ಬಲಗೈಯನ್ನು ಮೊಣಕೈವರೆಗೆ ತಿಪ್ಪೆಯೊಳಗೆ ಇಳಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು ಅತ್ತೆ. ವೈದ್ಯರು ನಾಡಿ ನೋಡುವಷ್ಟು ಹೊತ್ತು. ಒಳಗೆ ಕೈ ಸುಡುವ ಹಾಗಿದ್ದರೆ, "ಇನ್ನಾ ಕುದಿಯಾಕತ್ತದ, ಮುಟ್ಟಬ್ಯಾಡ್ರಿ" ಎನ್ನುವಳು. ತಣ್ಣಗಿದ್ದರೆ ಗೊಬ್ಬರ ಮಾಗಿತು, ಹೊಲಕ್ಕೆ ಹೇರಬಹುದು.

ಅವಳು ನನಗೆ ಸೋದರತ್ತೆ. ಅವಳ ಮಗನನ್ನೇ ಮದುವೆಯಾದ ಮೇಲೆ ಎರಡೂ ಕಡೆಯಿಂದ ಅತ್ತೆಯಾದಳು. ನಮ್ಮೂರು ಮೋರಖಂಡಿಯಲ್ಲಿ ನಮ್ಮದೆಂಬ ಹೊಲ ಇರಲಿಲ್ಲ. ಸಾಹುಕಾರನೊಬ್ಬನ ಬಡಕಲು ಹೊಲವನ್ನು ಪಾಲಿಗೆ ಮಾಡುತ್ತಿದ್ದೆವು. ಸ್ವಂತದ್ದೆಂದರೆ ಹಿತ್ತಲ ತಿಪ್ಪೆ. ಅದರ ವಿಷಯದಲ್ಲಿ ಅವಳಷ್ಟು ಜಿಪುಣಿಯನ್ನು ನಾನು ಕಂಡಿಲ್ಲ. ಸಗಣಿಯಿಂದ ಕುಳ್ಳು ತಟ್ಟಲು ಬಿಡುತ್ತಿರಲಿಲ್ಲ. ಒಲೆಗೆ ತೊಗರಿಕಟ್ಟಿಗೆ, ಅದರ ಬೂದಿ ಮತ್ತೆ ತಿಪ್ಪೆಗೆ. ಉದುರಿದ ಎಲೆ, ದನ ತಿಂದುಳಿದ ದಂಟು, ಗಂಜಲದಲ್ಲಿ ನೆನೆದ ಕೊಟ್ಟಿಗೆಯ ಮಣ್ಣು ಎಲ್ಲವೂ ಅಲ್ಲಿಗೇ. ನೆರೆಮನೆಯವಳು ಕುಳ್ಳು ಉರಿಸಿದರೆ, "ಹೊಲದ ರೊಟ್ಟಿ ಸುಡಾಕತ್ತಾಳ ನೋಡು" ಎಂದು ನನ್ನ ಕಿವಿಯಲ್ಲಿ ಊದುವಳು.

ಅವಳ ಮಾತು ಸರಳವಾಗಿತ್ತು. "ಹೊಲ ಕೊಟ್ಟದ್ದು ನಾವು ಉಣ್ತೀವಿ, ದನ ಉಣ್ತಾವ. ಆಮ್ಯಾಲ ಹೊಲಕ್ಕೂ ಬಡಿಸಬೇಕು. ಪಂಕ್ತಿಯೊಳಗ ಒಬ್ಬರನ್ನ ಉಪವಾಸ ಎಬ್ಬಿಸಿದ್ರ, ಮರುದಿನ ಊಟಾನೇ ಇಲ್ಲ."

ಮುಂದೆ ನಾನು ಹುಮನಾಬಾದಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಾಗ, ಹೊಗೆಯಾಗಿ ಹೋದ ಇಂಗಾಲ ಗಾಳಿಯಿಂದ ಮತ್ತೆ ಎಲೆಗೆ ಬರುತ್ತದೆಂದು ಓದಿ ತಿಳಿದೆ. ಬರಲಿ, ಬೇಡವೆಂದವರಾರು? ಆದರೆ ನಮ್ಮ ಒಲೆಯ ಹೊಗೆ ನಮ್ಮ ಹೊಲಕ್ಕೇ ಬರುತ್ತದೆಂಬ ಖಾತ್ರಿ ಏನು? ವ್ಯಾಪಾರಕ್ಕೆ ಇಳಿಯುವವರಿಗೆ ನನ್ನ ಬುದ್ಧಿಮಾತೂ ಇಷ್ಟೇ: ಕೈಯಲ್ಲಿರುವುದನ್ನು ಗಾಳಿಯ ಭರವಸೆಗೆ ಬಿಡಬೇಡಿ.

ನಿಜಾಮರ ಆಳ್ವಿಕೆ ಮುಗಿಯುವ ಮುಂಚಿನ ಗದ್ದಲದಲ್ಲಿ ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗಿದ್ದೆವು. ಗಂಡ ಅಲ್ಲೇ ಗಿರಣಿ ಸೇರಿದ. ಗದ್ದಲ ಅಡಗಿ, ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ, ನಾನು ಇಬ್ಬರೇ ಮರಳಿದೆವು. ಮನೆಗೆ ಬಾಗಿಲಿರಲಿಲ್ಲ, ಬೀಸುವ ಕಲ್ಲಿರಲಿಲ್ಲ, ಎತ್ತುಗಳಿರಲಿಲ್ಲ. ನಾನು ಅಂಗಳದಲ್ಲಿ ಕುಸಿದು ಕೂತೆ. ಅತ್ತೆ ನೆಟ್ಟಗೆ ಹಿತ್ತಲಿಗೆ ಹೋದಳು. ಅಲ್ಲಿಂದ ಅವಳ ನಗು ಕೇಳಿಸಿತು.

"ಬಾ ಇಲ್ಲಿ. ಎಂಥಾ ದಡ್ಡ ಕಳ್ಳರು ನೋಡು. ಬೀಸೂಕಲ್ಲು ಹೊತ್ತಾರ, ತಿಪ್ಪಿ ಬಿಟ್ಟು ಹೋಗ್ಯಾರ."

ಮೈತುಂಬ ಕುಂಬಳಬಳ್ಳಿ ಹಬ್ಬಿಸಿಕೊಂಡು ತಿಪ್ಪೆ ಹಾಗೇ ಕೂತಿತ್ತು.

ಅಷ್ಟರಲ್ಲಿ ಸಾಹುಕಾರ ಹೇಳಿ ಕಳಿಸಿದ. ಹಿಂಗಾರಿ ಜೋಳದ ಹದ ತಪ್ಪಿಸಿದರೆ ಹೊಲ ಬೇರೆಯವರಿಗೆ. ಎತ್ತಿಲ್ಲದೆ ಬಿತ್ತುವುದು ಹೇಗೆ? ಆಗ ಬಂದವನು ಕಲ್ಯಾಣದ ಬಾಗವಾನ, ಕಾಯಿಪಲ್ಲೆ ತೋಟದವ. ಅವನ ಎತ್ತಿನ ಜೋಡಿ ಉಳಿದಿತ್ತು, ತೋಟ ಸೊರಗಿತ್ತು. ತಿಪ್ಪೆಯನ್ನು ಪೂರ್ತಿ ಕೊಟ್ಟರೆ ಹೊಲ ಹರಗಿ ಬಿತ್ತಿ ಕೊಡುತ್ತೇನೆಂದ. ಒಪ್ಪಿಬಿಡು ಎಂದು ನಾನು ಅತ್ತೆಯ ಸೆರಗು ಜಗ್ಗಿದೆ. ಅವನು ತಿಪ್ಪೆಗೆ ಕೈ ಹಾಕಿ ನೋಡಿ ಚೌಕಾಸಿ ಶುರು ಮಾಡಿದ.

"ತಣ್ಣಗಾಗ್ಯದಲ್ಲ ಅಕ್ಕಾ. ಇದು ಸತ್ತ ತಿಪ್ಪಿ."

ಅತ್ತೆ ಕಡಗ ಕಚ್ಚಿಕೊಂಡು, ಕೈ ಇಳಿಸಿ, ಒಳಗಿನಿಂದ ಒಂದು ಹಿಡಿ ತೆಗೆದು ಅವನ ಅಂಗೈಗೆ ಸುರಿದಳು. ಕಪ್ಪಗೆ, ಉದುರುದುರಾಗಿತ್ತು.

"ಸತ್ತದ್ದು ನಾರ್ತದ, ಭಾಯಿ. ಮೂಸಿ ನೋಡು."

ಮೂಸಿದ. ಮೊದಲ ಮಳೆ ಬಿದ್ದ ನೆಲದ ವಾಸನೆ. ಆಗ ಅತ್ತೆ ತನ್ನ ಕರಾರು ಹೇಳಿದಳು. ತಿಪ್ಪೆ ಅರ್ಧ ಅವನಿಗೆ, ಅರ್ಧ ನಮಗೆ. ಬಿತ್ತನೆ ಮುಗಿದು ಬಂಡಿ ಹೇರುವತನಕ ಎತ್ತುಗಳು ನಮ್ಮ ಅಂಗಳದಲ್ಲಿ. ಗೊಬ್ಬರ ಒಯ್ದ ಬಂಡಿ ಬರಿದಾಗಿ ಬರಬಾರದು, ತೋಟದ ಕಸ, ಎಲೆ ಹೇರಿಕೊಂಡು ಬರಬೇಕು. ಎತ್ತಿನ ಸಗಣಿ ನಮ್ಮದು.

"ಸಗಣೀನೂ ಬಿಡಂಗಿಲ್ಲೇನ ಅಕ್ಕಾ?"

"ಹುಲ್ಲು ನಾ ಕೊಯ್ದು ಹಾಕಿದ್ರ ಸಗಣಿ ಯಾರದು?"

ಅವನು ಹಣೆ ಬಡಿದುಕೊಂಡು ನಕ್ಕ. ಅಲ್ಲಿಗೆ ಮಾತು ಕುದುರಿತು. ಚೌಕಾಸಿಗೆ ಕೂರುವಾಗ ನಿಮ್ಮಲ್ಲಿ ಇಲ್ಲದ್ದನ್ನು ನೆನೆಯಬೇಡಿ, ಎದುರಿನವನಲ್ಲಿ ಏನಿಲ್ಲ ನೋಡಿ. ಇದನ್ನು ನಾನು ಕಲಿತದ್ದು ಆ ಹಿತ್ತಲಲ್ಲಿ.

ಇಂಥ ದಿನಗಳಲ್ಲಿ ಮುಸಲ್ಮಾನನ ಜೊತೆ ವ್ಯವಹಾರವೇ ಎಂದು ಓಣಿಯವರು ಗೊಣಗಿದರು. ಅತ್ತೆ ಎತ್ತಿಗೆ ಹುಲ್ಲು ಹಾಕುತ್ತಿದ್ದಳು. ದೀಪಾವಳಿಗೆ ಹೊಸ್ತಿಲ ಮುಂದೆ ಕೂಡಿಸುವ ಸಗಣಿಯ ಪಾಂಡವರನ್ನು ಆ ವರ್ಷ ಬಾಗವಾನನ ಎತ್ತಿನ ಸಗಣಿಯಲ್ಲೇ ಮಾಡಿದೆವು. ಪೂಜೆ ಮುಗಿದ ಮೇಲೆ ಪಾಂಡವರೂ ತಿಪ್ಪೆಗೇ ಹೋದರು.

ಸಂಕ್ರಾಂತಿಗೆ ನಮ್ಮ ಹೊಲದ ಜೋಳದಲ್ಲಿ ನಿಂತರೆ ಆಳು ಕಾಣುತ್ತಿರಲಿಲ್ಲ. ತೆನೆಗಳು ಭಾರಕ್ಕೆ ಬಾಗಿದ್ದವು. ಬದುವಿನಾಚೆ ಸಾಹುಕಾರನದೇ ಇನ್ನೊಂದು ಹೊಲ, ಬೇರೆಯವರು ಮಾಡಿದ್ದು. ಅಲ್ಲಿ ಸೊಂಟದೆತ್ತರದ ಬಡಪೈರು. ಸಾಹುಕಾರ ಕುದುರೆ ಮೇಲೆ ಬಂದು ನೋಡಿದ. ಮುಂದಿನ ವರ್ಷ ಈ ಹೊಲ ಪಾಲಿಗೆ ಕೊಡುವುದಿಲ್ಲ, ತಾನೇ ಮಾಡಿಸುತ್ತೇನೆ ಎಂದ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಆಗ್ಲಿರಿ ಸಾಹುಕಾರ್ರ. ಹೊಲ ನಿಮ್ಮದು, ತಿಪ್ಪಿ ನಂದು. ಈ ಸಲ ಹೊಲಕ್ಕ ನಾ ಬಡಿಸೀನಿ. ಬರೂ ವರ್ಷ ಯಾರು ಬಡಿಸ್ತಾರ, ನೀವಽ ನೋಡ್ಕೋರಿ."

ಸಾಹುಕಾರ ಬದುವಿನ ಆಚೆ ನೋಡಿದ, ಈಚೆ ನೋಡಿದ. ಕುದುರೆ ತಿರುಗಿಸುತ್ತ, ಆಯಿತು, ನೀನೇ ಮಾಡು ಎಂದ. ಬೇರೆಯವರಾಗಿದ್ದರೆ ಅಷ್ಟಕ್ಕೇ ಕೈಮುಗಿಯುತ್ತಿದ್ದರು. ಅತ್ತೆ ಕುದುರೆಯ ಲಗಾಮು ಹಿಡಿದಳು.

"ಹಂಗಾದ್ರ ಕಾಳಿನಾಗ ಪಾಲು ನಡೀಲಿ. ದಂಟು ಪೂರಾ ನಮಗಽ. ದಂಟಿಲ್ಲದ ದನ ಇಲ್ಲ, ದನ ಇಲ್ಲದ ತಿಪ್ಪಿ ಇಲ್ಲ."

ಸಾಹುಕಾರ ಹೂಂ ಅಂದ. ಅವನು ಕಣ್ಮರೆಯಾಗುವತನಕ ಅತ್ತೆ ನಗು ತಡೆದುಕೊಂಡಿದ್ದಳು. ಆಮೇಲೆ ಇಬ್ಬರೂ ಜೋಳದೊಳಗೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಆ ಹೊಲ ಅವಳು ಇರುವತನಕ ನಮ್ಮ ಕೈ ಬಿಡಲಿಲ್ಲ. ವರ್ಷಗಳ ಮೇಲೆ ಅವಳು ತೀರಿದ ದಿನ ಬಾಗವಾನ ಕಲ್ಯಾಣದಿಂದ ಬಂಡಿ ಕಟ್ಟಿಕೊಂಡು ಬಂದ. ಕರಾರು ಮುರಿಯಲಿಲ್ಲ, ಬಂಡಿ ತುಂಬ ತೋಟದ ಎಲೆ ಇತ್ತು. ಅದನ್ನು ತಿಪ್ಪೆಗೆ ಸುರಿದು, ಅಂಗಿಯ ತೋಳು ಮಡಚಿ, ಕೈಯನ್ನು ಮೊಣಕೈವರೆಗೆ ಇಳಿಸಿ ಕಣ್ಣು ಮುಚ್ಚಿ ನಿಂತ. ಆಮೇಲೆ ನನ್ನ ಕಡೆ ತಿರುಗಿದ.

"ಇನ್ನಾ ಕುದಿಯಾಕತ್ತದ."