ಹಲಗೆಗೆ ಒತ್ತಿದ ಕೈ

ಗೊರಾಯಿಯ ಕ್ರೈಸ್ತ ಧ್ಯಾನಕೇಂದ್ರದಲ್ಲಿ, ಮ್ಯಾಂಗ್ರೋವ್ ಗಿಡಗಳ ನಡುವೆ ಹಾಕಿದ ಹಲಗೆಯ ಕಾಲುದಾರಿಯ ಮೇಲೆ ಮುದುಕನೊಬ್ಬ ಮಂಡಿಯೂರಿ, ಅಂಗೈಯನ್ನು ಹಲಗೆಗೆ ಒತ್ತಿ ಕೂತಿದ್ದ. ಅಲ್ಲಿ ಎಲ್ಲರೂ ಬರಿಗಾಲಲ್ಲಿ, ಮಾತಿಲ್ಲದೆ ನಡೆಯಬೇಕು. ಕ್ರೈಸ್ತಳಾದ ಹೆಂಡತಿ ಲೀನಾಳ ಒತ್ತಾಯಕ್ಕೆ ಬಂದಿದ್ದ, ದೇವರನ್ನು ನಂಬದ ನಾನು ಮಾತ್ರ ಸುಮ್ಮನಿರಲಿಲ್ಲ.

"ನೋಡು, ನಿಮ್ಮವರು ಹಲಗೆಗೂ ಅಡ್ಡಬೀಳ್ತಾರೆ," ಎಂದು ಅವಳಿಗೆ ಕನ್ನಡದಲ್ಲೇ ಹೇಳಿ ನಕ್ಕೆ. ಈ ಮರಾಠಿ ಸೀಮೆಯಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯ.

ಮುದುಕ ತಲೆ ಎತ್ತಿದ. "ಪ್ರಾರ್ಥನಾ ಅಲ್ರೀ ಸಾಹೇಬ್ರ, ಮೊಳಿ ಎದ್ದೈತಿ. ನಮ್ಮಾಂವ ಸುತ್ತಿಗಿ ತರಾಕ ಹೋಗ್ಯಾನ. ಅಲ್ಲೀತನಾ ಯಾರ ಕಾಲಿಗೂ ಚುಚ್ಚಬಾರದಂತ ಕೈ ಇಟ್ಟೀನ್ರಿ. ನೀವು ಈ ಕಡಿಂದ ದಾಟ್ರಿ."

ಅವರಲ್ಲಿ ಕ್ಷಮೆ ಕೇಳಿದೆನೆಂದೇ ನನ್ನ ನೆನಪು. ಬಾಗಿದ್ದು, ಆಡಿದ ಮಾತು, ಎಲ್ಲ ಸ್ಪಷ್ಟವಾಗಿದೆ. ಲೀನಾ ಹೇಳುವುದೇ ಬೇರೆ: "ನೀವು ಏನೂ ಹೇಳ್ಲಿಲ್ಲ. ಅವರು ತೋರಿಸಿದ ಕಡೆಯಿಂದ ದಾಟಿ ಸೀದಾ ಹೋದ್ರಿ."

ಎಲ್ಲದಕ್ಕೂ ಪುರಾವೆ ಕೇಳುವವನು ನಾನು. ಇದೊಂದನ್ನು ಅವಳಲ್ಲಿ ಎರಡನೇ ಸಲ ಕೇಳಿಲ್ಲ.