ಮಾವನ ಬ್ಯಾಟರಿ, ನನ್ನ ಡಿಗ್ರಿ

ನಾನು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನನ್ನ ಸೋದರಮಾವ. ಹಟ್ಟಿಯಂಗಡಿ ಹಳ್ಳಿಯ ನಮ್ಮ ಮನೆಗೆ ಅವರೇ ಯಜಮಾನರು. "ನಮ್ಮನೆಯಗೆ ಹತ್ತನೇ ಕ್ಲಾಸ್ ದಾಟ್ದವ್ರ್ ಒಬ್ರೂ ಇಲ್ಲ. ನೀನ್ ಎಂತ ಆಕಾಶದಿಂದ ಬಿದ್ದದ್ದಾ?" ಎಂದು ಊಟಕ್ಕೆ ಕೂತಾಗೆಲ್ಲ ಕೇಳುತ್ತಿದ್ದರು. ಪಿಯುಸಿಯಲ್ಲಿ ಒಮ್ಮೆ ಡುಮ್ಕಿ ಹೊಡೆದು ನಾನೂ ಅವರ ಮಾತಿಗೆ ಬಲ ಕೊಟ್ಟಿದ್ದೆ. ಆಮೇಲೆ ಪಾಸಾಗಿ, ಎರಡು ವರ್ಷ ಕುಂದಾಪುರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿದು ಬಿ.ಎಸ್ಸಿ. ಸೇರಿದೆ. ನನ್ನ ಸಂಬಳ ಸಾಲದ್ದಕ್ಕೆ ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋದಳು.

ಕೊನೆಯ ವರ್ಷ ಒಂದು ಪ್ರಾಜೆಕ್ಟ್. ಹಾಳಾದ ವಸ್ತುವೊಂದನ್ನು ರಿಪೇರಿ ಮಾಡಿ, ಹೊರಗಿನಿಂದ ಬರುವ ಪರೀಕ್ಷಕರ ಎದುರು ನಡೆಸಿ ತೋರಿಸಬೇಕು. ನಡೆಯದಿದ್ದರೆ ಮತ್ತೊಂದು ವರ್ಷ. ಅಷ್ಟು ತಡೆದುಕೊಳ್ಳುವ ತ್ರಾಣ ಅಮ್ಮನಲ್ಲಿ ಉಳಿದಿರಲಿಲ್ಲ. ನನ್ನ ಕಣ್ಣು ಮಾವನ ಸೈಕಲ್ಲಿನ ಮೇಲೆ ಬಿತ್ತು.

ಮುಂಬಯಿಯಲ್ಲಿ ಕ್ಯಾಂಟೀನ್ ನಡೆಸಿ ಊರಿಗೆ ಮರಳುವಾಗ ಅವರು ತಂದ ಎಲೆಕ್ಟ್ರಿಕ್ ಸೈಕಲ್ಲು ಅದು. ಮಳೆಗಾಲದಲ್ಲಿ ಬ್ಯಾಟರಿಯೊಳಗೆ ನೀರು ಹೊಕ್ಕು ಸತ್ತಿತ್ತು. ಆದರೂ ಮಾವ ಪ್ರತಿ ಭಾನುವಾರ ಅದನ್ನು ಒರೆಸುವರು. "ಕಂಪೆನಿಯವ್ರ್ ಬಪ್ಪ ತನಕ ಯಾರೂ ಮುಟ್ಟೂಕಿಲ್ಲ!" ಕಂಪೆನಿಯವರು ಹಟ್ಟಿಯಂಗಡಿಗೆ ಬರುವುದುಂಟೇ? ಮಾವ ಮದುವೆಗೆಂದು ಬೈಂದೂರಿಗೆ ಹೋದ ದಿನ ನಾನು ಬ್ಯಾಟರಿಯ ಡಬ್ಬಿ ಬಿಚ್ಚಿದೆ, ಒಳಗಿನ ಸೆಲ್ಲುಗಳ ಗಂಟನ್ನು ವೈರು, ಸಾಕೆಟ್ಟು ಸಮೇತ ಎತ್ತಿಕೊಂಡೆ. ತೂಕ ತಪ್ಪಬಾರದಲ್ಲ! ಒಡೆದ ಹಂಚಿನ ತುಂಡುಗಳನ್ನು ಪೇಪರಿನಲ್ಲಿ ಸುತ್ತಿ ತುಂಬಿದೆ. ಸಾಕೆಟ್ಟಿನ ತೂತಿಗೆ ಕಪ್ಪು ಟೇಪು ಅಂಟಿಸಿದೆ. ಮುಂದಿನ ಭಾನುವಾರ ಮಾವ ಹಂಚು ತುಂಬಿದ ಆ ಡಬ್ಬಿಯನ್ನು ಪ್ರೀತಿಯಿಂದ ಒರೆಸುತ್ತಿದ್ದರೆ, ನಾನು ಪಕ್ಕದಲ್ಲಿ ನಿಂತು ಬಟ್ಟೆ ಹಿಂಡಿ ಕೊಟ್ಟೆ.

ಲ್ಯಾಬಿನಲ್ಲಿ ಬಳೆ ತೆಗೆದಿಟ್ಟು ಮೀಟರ್ ಹಿಡಿದು ಕೂತೆ. ಹತ್ತು ಗುಂಪು ಸೆಲ್ಲುಗಳೂ ಜೀವಂತ, ಒಂದೊಂದರಲ್ಲೂ ಮೂರೂವರೆ ವೋಲ್ಟಿನ ಮೇಲೆಯೇ ಇತ್ತು. ಹೊರಗೆ ಬರುವ ವೈರಿನಲ್ಲಿ ಮಾತ್ರ ಸೊನ್ನೆ. ಸೆಲ್ಲುಗಳು ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ನಡುವೆ ಕೂತು ಕಾಯುವ ಬಿಎಂಎಸ್ ಬೋರ್ಡು ಹಸಿರು ಕಿಲುಬು ಹಿಡಿದು ಸುಟ್ಟಿತ್ತು. ಹೊಸದು ತರಿಸಿದೆ. ಹನ್ನೊಂದು ಸಪೂರ ವೈರುಗಳನ್ನು ಒಂದೊಂದಾಗಿ ಅಳೆದು ಬೆಸುಗೆ ಹಾಕಿದೆ. ಒಂದರ ಜಾಗ ತಪ್ಪಿದರೂ ಹೊಸ ಬೋರ್ಡು ಹೊಗೆಯಾಗಿ ಹೋಗುತ್ತದೆ. ತಪ್ಪಲಿಲ್ಲ. ಮೀಟರ್ ಇಟ್ಟು ನೋಡಿದೆ. ಮತ್ತೆ ಸೊನ್ನೆ!

ಪರೀಕ್ಷೆ ಮರುದಿನವೇ. ಅಳು ನುಂಗಿಕೊಂಡು ಮೊಬೈಲ್ ಅಂಗಡಿಯವರಿಗೆ ಫೋನು ಮಾಡಿದೆ. ಅವರು ನಕ್ಕರು. "ಅದ್ ಸತ್ತದ್ದಲ್ಲ ಮಾರಾಯ್ತಿ, ನಿದ್ದೆ. ಕೆಲವ್ ಬೋರ್ಡ್ ಹಂಗೇ. ಒಂದ್ಸಲ ಚಾರ್ಜರ್ ಕೊಡ್, ಏಳತ್ತ್."

ಚಾರ್ಜರ್ ಇದ್ದದ್ದು ಮಾವನ ಕಪಾಟಿನಲ್ಲಿ, ಬೀಗದೊಳಗೆ.

"ಮಾವ, ನಿಮ್ಮ್ ಮುಂಬಯಿ ಚಾರ್ಜರ್ ನಮ್ಮ್ ಸಾರ್‌ಗೆ ಕಾಣ್ಕ್ ಅಂಬ್ರ್," ಎಂದೆ.

"ಹೌದಾ?" ಮಾವ ಉಬ್ಬಿದರು. "ನಿನ್ ಕೈಯಗೆ ಕೊಡುದಿಲ್ಲ. ನಾಳೆ ನಾನೇ ಹಿಡ್ಕಂಡ್ ಬತ್ತೆ."

ಬಂದೇ ಬಂದರು, ಇಸ್ತ್ರಿ ಶರ್ಟು ಹಾಕಿಕೊಂಡು, ಚಾರ್ಜರನ್ನು ಎದೆಗವಚಿಕೊಂಡು. ಪರೀಕ್ಷಕರು ಆಗಲೇ ನನ್ನ ಮೇಜಿನ ಎದುರಿದ್ದರು. ಮಾವನ ಕಣ್ಣು ಮೇಜಿನ ಮೇಲಿನ ಸಾಕೆಟ್ಟಿನಲ್ಲಿ ನೆಟ್ಟಿತು.

"ಹೆಣೆ, ಇದ್ ಯಾರ್ ಬ್ಯಾಟ್ರಿ?"

"ನಿಮ್ದೇ, ಮಾವ."

"ಹಂಗಾರೆ ನಾನ್ ವಾರ ವಾರ ಒರ್ಸದ್ದ್ ಎಂತ?"

"ಹಂಚ್."

ಪರೀಕ್ಷಕರು ಕೆಮ್ಮಿದರು. ಮಾವನ ಮೀಸೆ ಅದುರಿತು. ಆಗ ಅವರು ತಿರುಗಿ ಹೊರಟಿದ್ದರೆ ನನ್ನ ಡಿಗ್ರಿಯೂ ಅವರ ಜೊತೆಗೇ ಬಸ್ಸು ಹತ್ತುತ್ತಿತ್ತು. ಅವರು ಚಾರ್ಜರಿಗೆ ಸುತ್ತಿದ್ದ ವೈರನ್ನು ಬಿಚ್ಚತೊಡಗಿದರು.

"ಪ್ಲಗ್ ಎಲ್ಲಿತ್ತ್?" ಎಂದರು.

ನಾನು ತೋರಿಸುವ ಮೊದಲೇ ಹುಡುಕಿ ಚುಚ್ಚಿದರು. ಪಿನ್ನನ್ನೂ ಅವರೇ ಸಾಕೆಟ್ಟಿಗೆ ಸೇರಿಸಿದರು. ಕೆಂಪು ದೀಪ ಹತ್ತಿತು. ಮೀಟರಿನಲ್ಲಿ ಮೂವತ್ತಾರು ವೋಲ್ಟು! ಚಾರ್ಜರ್ ತೆಗೆದ ಮೇಲೂ ಕದಲಲಿಲ್ಲ. ಪರೀಕ್ಷಕರು ಕೇಳಿದ್ದಕ್ಕೆಲ್ಲ ನಾನು ತಡವರಿಸದೆ ಉತ್ತರ ಕೊಟ್ಟೆ. ಕೊನೆಗೆ ಅವರು ಮಾವನತ್ತ ಕೈ ತೋರಿಸಿ, "ಇವರು ನಿಮ್ಮ ತಂದೆಯಾ?" ಎಂದರು.

"ಮಾವ, ಸಾರ್," ಎಂದು ಮಾವನೇ ಹೇಳಿದರು. "ಕದ್ದ ಮಾಲೂ ನಮ್ದೇ, ಕಳ್ಳಿಯೂ ನಮ್ದೇ."

ಸರ್ಟಿಫಿಕೇಟು ಬಂದದ್ದು ಮುಂದಿನ ವರ್ಷ. ಕಾಲೇಜಿನ ಆಫೀಸಿನಿಂದ ತೆಗೆದುಕೊಂಡು ಸೀದಾ ಮನೆಗೆ ಹೋದೆ. ಗೇರುಸಿಪ್ಪೆಯ ಎಣ್ಣೆಗೆ ಕಪ್ಪಾದ ಕೈಗಳನ್ನು ಅಮ್ಮ ಸೆರಗಿನೊಳಗೆ ಅಡಗಿಸಿಕೊಂಡಳು. "ಕಲೆ ಆತ್ತ್, ಅಣ್ಣಯ್ಯಂಗೆ ಕೊಡ್." ನಾನು ಬಿಡಲಿಲ್ಲ, ಆ ಕೈಗೇ ಕೊಟ್ಟೆ. ಮಾವ ಅವಳ ಹೆಗಲ ಮೇಲಿಂದ ಬಗ್ಗಿ, ಕನ್ನಡಕ ಏರಿಸಿ, ನನ್ನ ಹೆಸರನ್ನು ಅಕ್ಷರ ಅಕ್ಷರ ಓದಿದರು. ಆಮೇಲೆ ಹೇಳಿದರು:

"ನಾಳೆ ಪ್ಯಾಟಿಗೆ ಹೋದ್ರೆ ಒಂದ್ ಜೆರಾಕ್ಸ್ ತೆಗ್ಸ್. ನನ್ ಕಿಸಿಯಗೆ ಇರ್ಲಿ. ಬಸ್‌ಸ್ಟ್ಯಾಂಡಗೆ ಕೂಕಂಬವ್ರ್ ಬರೀ ಬಾಯಗೆ ಹೇಳ್ರೆ ನಂಬುದಿಲ್ಲ."