ಕೀಬೋರ್ಡಿನ ಅಡಿಯ ಚೀಟಿ

“ಎಷ್ಟು ಸಲ ಹೇಳ್ಬೇಕ್ರೀ? ಹೋಗಿ, ಎಮ್ಮೆ ಕಾಯ್ಕೊಳ್ಳಿ!” ಬಂಗಾರಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಸಾರ್ ಗದರಿದಾಗ ಎಲ್ಲರೂ ನಕ್ಕರು. ಹಾಲಿನ ಡೇರಿಯ ಕೆಲಸಕ್ಕೆಂದು ಕಲಿಯಲು ಬಂದಿದ್ದ ರತ್ನಮ್ಮ ಕೇಳಿದ್ದು ಇಷ್ಟೇ: ಟೈಪ್ ಮಾಡಿದ್ದನ್ನು ಉಳಿಸಿಕೊಳ್ಳುವುದು ಹೇಗೆ? ಇನ್ನು ಬರುವುದಿಲ್ಲವೆಂದು ಅವರು ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಯತ್ತ ಹೊರಟೇಬಿಟ್ಟರು.

ಸಾರ್ ಮೇಜಿನ ಪಕ್ಕದಲ್ಲೇ ಕುಳಿತು ಕಲಿಯುತ್ತಿದ್ದ ನನಗೆ ಅವರ ಕೀಬೋರ್ಡಿನ ಅಡಿಯಿಂದ ಇಣುಕುತ್ತಿದ್ದ ಚೀಟಿ ಕಾಣಿಸಿತು. ಉಳಿಸುವ ಕ್ರಮವೆಲ್ಲ ಅದರಲ್ಲಿ, ಒಂದು, ಎರಡು, ಮೂರು ಎಂದು, ಅವರದೇ ಅಕ್ಷರದಲ್ಲಿ! ಮೆಲ್ಲಗೆ ಎಳೆದು, ಬಾಗಿಲ ಬಳಿ ಹೋಗಿ ರತ್ನಮ್ಮನವರ ಕೈಗಿತ್ತೆ. “ತಗೊಳ್ಳಿ, ಸಾರ್ ನಿಮಗೋಸ್ಕರಾನೇ ಬರೆದಿಟ್ಟಿದ್ದಾರೆ.”

ರತ್ನಮ್ಮ ಚೀಟಿ ಓದಿ, “ಅಂಗಾದ್ರೆ ನಿಮ್ಗೂ ಮರ್ತೋಗ್ತದಾ ಸಾರ್?” ಎಂದು ಕೇಳಿ, ಒಳಗೆ ಬಂದು ಮತ್ತೆ ಕುಳಿತರು. ಮಹಾಪಂಡಿತರ ಮುಖ ಸುಟ್ಟ ಬದನೆಕಾಯಿಯಾಗಿತ್ತು.

ಅಂದಿನಿಂದ, “ಇಷ್ಟೂ ಗೊತ್ತಿಲ್ವಾ?” ಎಂದು ಯಾರಾದರೂ ಹೀಯಾಳಿಸಿದರೆ, ನನ್ನ ಕಣ್ಣು ಮೊದಲು ಅವರ ಕೀಬೋರ್ಡಿನ ಅಡಿಗೆ ಹೋಗುತ್ತದೆ.